ಪ್ಯಾಡಿನ ಹೊಟ್ಟೆಯ ಹೋಳಿಗೆ

ಮಹಾರಾಷ್ಟ್ರದ ಗಡಿಯೂರು ಉಮರ್ಗಾದ ಹಾಕಿ ತಂಡ, ಗಡಿಭಾಗದ ಊರುಗಳ ಸೀಮಾ ಚಷಕದ ಕ್ವಾರ್ಟರ್ ಫೈನಲ್ ಗೆದ್ದ ಸಂಜೆ ಊರಿಗೆ ಊರೇ ಕುಣಿಯಿತು. ಪ್ರಯಾಗಬಾಯಿಯೂ ತನ್ನ ಅರವತ್ತಾರು ವರ್ಷದ ಮೊಣಕಾಲುಗಳನ್ನು ಮರೆತು ಮಾಳಿಗೆಯ ಮೇಲೆ ನಾಲ್ಕು ಹೆಜ್ಜೆ ಹಾಕಿದಳು. ಆಮೇಲೆ ಕೆಳಗಿಳಿದು, ಒಂದು ತಂಬಿಗೆ ನೀರು ಕುಡಿದು ಕಟ್ಟೆಯ ಮೇಲೆ ಕೂತು ಬೆರಳೆಣಿಸಿದಳು. ಇನ್ನು ಎರಡೇ ಪಂದ್ಯ. ಎರಡನ್ನೂ ಗೆದ್ದರೆ ಚಷಕ, ಊರವರ ಬಾಯಲ್ಲಿ ಕಪ್ಪು, ಊರಿಗೆ ಬರುತ್ತದೆ. ಕಪ್ಪು ಬಂದ ದಿನ ಗಿರಣಿಯ ನೀಲಕಂಠನ ಮುಂದೆ ನಿಂತು, ಮೂವತ್ತಾರು ವರ್ಷ ಮುಚ್ಚಿಟ್ಟ ಒಂದು ಮಾತನ್ನು ನಾಲ್ಕು ಜನರೆದುರು ಹೇಳಲೇಬೇಕು. ಹಾಗೆಂದು ಹರಕೆ ಹೊತ್ತವಳು ತಾನೇ, ಬೇರೆ ಯಾರೂ ಅಲ್ಲ.

"ಯಾಕ, ಗೆದ್ದ ಮ್ಯಾಲೂ ಮಾರಿ ಸಣ್ಣದು ಮಾಡಿದಿ?" ಎಂದು ಗಂಡ ಕಲ್ಯಾಣಪ್ಪ ಹೊಲಿಗೆ ಮಷೀನಿನ ಹಿಂದಿನಿಂದ ಕೇಳಿದ. ಅವನು ದರ್ಜಿ. ಹಾಕಿ ಎಂದರೆ ಅವನಿಗೆ ನಿದ್ದೆ ಬರಿಸುವ ಆಟ.

"ಏನಿಲ್ಲ. ಸೆಮಿದಾಗ ನಿಲಂಗಾದವರು ಗಂಟು ಬಿದ್ದಾರ. ಅವರು ಭಾಳ ಜೋರ ಆಡ್ತಾರಂತ," ಎಂದಳು.

ಅದು ಸುಳ್ಳೇನಲ್ಲ, ನಿಜವೂ ಅಲ್ಲ.

ಈ ಹುಚ್ಚು ಆಕೆಗೆ ಹತ್ತಿದ್ದು ಮದುವೆಯಾಗಿ ಬಂದ ಮೂರನೇ ತಿಂಗಳಲ್ಲಿ. ಬಸವಕಲ್ಯಾಣದ ಕಡೆಯ ಹಳ್ಳಿಯ ಹುಡುಗಿ, ಹತ್ತೊಂಬತ್ತು ವರ್ಷ. ಗಂಡನ ಮನೆಯ ಹಿತ್ತಲ ಗೋಡೆಗೆ ಅಂಟಿಕೊಂಡೇ ಮೈದಾನ. ನಿಜಾಮರ ಕಾಲದ ಪೊಲೀಸರು ಅಲ್ಲಿ ಹಾಕಿ ಆಡುತ್ತಿದ್ದರಂತೆ. ನಿಜಾಮರು ಹೋದರು, ಪೊಲೀಸರೂ ಹೋದರು, ಹಾಕಿ ಮಾತ್ರ ಊರಲ್ಲೇ ಉಳಿಯಿತು ಎಂದು ಹಿರಿಯರು ಹೇಳುತ್ತಿದ್ದರು. ಒಂದು ಮಧ್ಯಾಹ್ನ ಆಕೆ ಹಿತ್ತಲಲ್ಲಿ ಹೊದೆಯಲು ಹಳೆಬಟ್ಟೆಯ ಕೌದಿ ಹೊಲಿಯುತ್ತ ಕೂತಿದ್ದಾಗ ಗೋಡೆಯಾಚೆಯಿಂದ ಚೆಂಡು ಹಾರಿ ಬಂದು ಮಡಿಲಿಗೇ ಬಿತ್ತು. ಗೋಡೆಯ ಮೇಲೆ ಬೆವರಿಳಿಯುವ ತಲೆಯೊಂದು ಎದ್ದಿತು.

"ವೈನಿ, ಬಾಲ್ ಕೊಡ್ರಿ," ಎಂದು ಸ್ವಂತ ಅತ್ತಿಗೆಯನ್ನು ಕರೆದಂತೆ ಕೇಳಿತು.

ಹೊಸ ಸೊಸೆ ಸೆರಗು ಸರಿಮಾಡಿಕೊಂಡು ಚೆಂಡನ್ನು ಬೀಸಿ ಒಗೆದಳು. ಅದು ಗೋಡೆ ದಾಟಿ ಮೈದಾನದ ನಡುವೆ ಹೋಗಿ ಬಿತ್ತಂತೆ. ಆಟಗಾರರೆಲ್ಲ ಹೋ ಎಂದು ಚಪ್ಪಾಳೆ ತಟ್ಟಿದರು. ತವರು ಬಿಟ್ಟು ಬಂದ ಮೇಲೆ ಆಕೆಯ ಪಾಲಿಗೆ ಬಿದ್ದ ಮೊದಲ ಚಪ್ಪಾಳೆ ಅದು. ಆಮೇಲೆ ಆ ಆಟ ಬಿಟ್ಟು ಇರುವುದು ಆಕೆಯಿಂದ ಆಗಲಿಲ್ಲ.

ಆಗ ಹೆಂಗಸರು ಮೈದಾನದ ಅಂಚಿಗೆ ಹೋಗಿ ನಿಲ್ಲುವ ಕಾಲವಲ್ಲ. ಮಾಳಿಗೆಯೇ ಆಕೆಯ ಗ್ಯಾಲರಿ, ಕೌದಿ ಒಣಹಾಕುವುದೇ ನೆಪ. ಆಟ ಇದ್ದ ದಿನವೆಲ್ಲ ಒಣಗಿದ ಕೌದಿಗಳನ್ನೇ ಮತ್ತೆ ಮತ್ತೆ ಹೊತ್ತು ಮೇಲೆ ಹೋಗುತ್ತಿದ್ದಳು. ಅತ್ತೆ ಭಾಗೀರಥಿಬಾಯಿ ದಡ್ಡಿಯಲ್ಲ. "ಊರಾಗ ಎಲ್ಲರ ಕೌದಿ ಒಂದ ದಿನಕ್ಕ ಒಣಗ್ತಾವ. ನಮ್ಮವು ಸೀಟಿ ಊದಿದಾಗೊಮ್ಮೆ ತೊಯ್ತಾವ ಏನವಾ?" ಎಂದು ಕೇಳುವಳು. ಆದರೆ ತಡೆಯಲಿಲ್ಲ. ಎರಡು ವರ್ಷ ಕಳೆಯುವುದರೊಳಗೆ ಅತ್ತೆಯೂ ಮಾಳಿಗೆ ಹತ್ತಿ "ಮಾರ್ ನಾ, ಮಾರ್!" ಎಂದು ಮರಾಠಿಯಲ್ಲಿ ಕೂಗತೊಡಗಿದಳು.

ನೀಲಕಂಠ ಗೋಲ್‌ಕೀಪರ್ ಆಗಿ ಬಂದದ್ದು ಆಮೇಲೆ, ಸಾವಿರದ ಒಂಬೈನೂರ ಎಂಬತ್ತಾರರಲ್ಲಿ. ಕಡ್ಡಿಯಂಥ ಹುಡುಗ, ಹತ್ತೊಂಬತ್ತು ವಯಸ್ಸು. ಕಾಲಿಗೆ ಗೋಣಿಚೀಲ ಸುತ್ತಿ, ಒಳಗೆ ಬಿದಿರಿನ ಸೀಳು ಸಿಕ್ಕಿಸಿಕೊಂಡು ನಿಲ್ಲುತ್ತಿದ್ದ. ಒಂದು ದಿನ ಚೆಂಡು ಮೊಳಕಾಲಿಗೆ ಬಡಿದ ಸದ್ದು ಮಾಳಿಗೆಯವರೆಗೂ ಕೇಳಿತು. ಹುಡುಗ ಅಲ್ಲೇ ಕುಸಿದು ಕೂತ. ಬಾಯಿ ತೆರೆದು ಅಳಲಿಲ್ಲ, ಅಷ್ಟೇ. ಪ್ರಯಾಗಬಾಯಿ ಅಂದೇ ಸೂಜಿ ಹಿಡಿದಳು. ಗಂಡನ ಅಂಗಡಿಯ ಚಿಂದಿ, ಮಾವನ ಹಳೆಯ ಧೋತರದ ಎಂಟು ಪದರ, ಹಿಂಜಿದ ಹತ್ತಿ, ಹೊರಗೆ ಗಟ್ಟಿ ಖಾಕಿ ಬಟ್ಟೆ. ಕೌದಿಗೆ ಹಾಕುವ ಒತ್ತಾದ ಹೊಲಿಗೆಯನ್ನೇ ಹಾಕಿ, ಕಟ್ಟಲು ಲಾಡಿ ಇಟ್ಟು, ನಾಲ್ಕು ದಿನದಲ್ಲಿ ಒಂದು ಜೊತೆ ಪ್ಯಾಡ್ ಮಾಡಿ ಗಂಡನ ಕೈಲಿ ಕಳಿಸಿದಳು.

ಮೊದಲು ಎಲ್ಲರೂ ನಕ್ಕರು. "ಗೋಲಿನಾಗ ಮಲಗ್ತೀ ಏನೋ?" ಎಂದರು. ಆಟ ಶುರುವಾದ ಮೇಲೆ ನಗು ನಿಂತಿತು. ಬಡಿದ ಚೆಂಡು ಆ ಪ್ಯಾಡಿನಿಂದ ಪುಟಿಯುತ್ತಲೇ ಇರಲಿಲ್ಲ. ಕಾಲ ಬುಡದಲ್ಲಿ ಬಿದ್ದು ನಿದ್ದೆ ಹೋಗುತ್ತಿತ್ತು. ನೀಲಕಂಠ ಅದನ್ನು ಆರಾಮಾಗಿ ಆಚೆ ತಳ್ಳುತ್ತಿದ್ದ. ಉಮರ್ಗಾದ ಕೌದಿ ಪ್ಯಾಡಿನ ಹೆಸರು ಉದ್ಗೀರದವರೆಗೆ ಹೋಯಿತು.

ಕೌದಿ ಹೊಲಿಯುವವರಿಗೆ ಒಂದು ರೂಢಿ ಇದೆ. ಕೊನೆಯ ಹೊಲಿಗೆ ಮುಚ್ಚುವ ಮೊದಲು ಒಳಗೆ ಒಂದು ತುಂಡು ರೊಟ್ಟಿ ಇಡಬೇಕು. ಕೌದಿ ಹಸಿದಿರಬಾರದು, ಹಸಿದ ಕೌದಿ ಹೊದ್ದವರನ್ನು ಕಾಯುವುದಿಲ್ಲ. ಪ್ರಯಾಗಬಾಯಿಗೆ ಇದನ್ನು ಕಲಿಸಿದವಳು ಆಕೆಯ ಅವ್ವ. ಪ್ಯಾಡೂ ಕೌದಿಯೇ ತಾನೆ? ಪ್ರತಿ ಪ್ಯಾಡಿನ ಹೊಟ್ಟೆಗೂ ಒಂದೊಂದು ಚೂರು ಒಣಗಿದ ಜೋಳದ ರೊಟ್ಟಿ ಇಟ್ಟೇ ಹೊಲಿಯುತ್ತಿದ್ದಳು. ತಂಡದವರಿಗೆಲ್ಲ ಇದು ಗೊತ್ತಿತ್ತು. ನೀಲಕಂಠ ಪ್ಯಾಡನ್ನು ಹಣೆಗೊತ್ತಿಕೊಂಡು ಕಟ್ಟುತ್ತಿದ್ದ. ಎರಡು ವರ್ಷದಲ್ಲಿ ಉಮರ್ಗಾ ಸೋತದ್ದು ಕಡಿಮೆ.

ಎಂಬತ್ತೊಂಬತ್ತರ ಜನವರಿಯಲ್ಲಿ ತಂಡ ಸೀಮಾ ಚಷಕದ ಫೈನಲಿಗೆ ಬಂತು. ಹಳೆಯ ಪ್ಯಾಡು ಸವೆದಿತ್ತು, ಹೊಸತು ಬೇಕು. ಕೊನೆಯ ಹೊಲಿಗೆ ಹಾಕುವ ದಿನಕ್ಕೆ ಸರಿಯಾಗಿ ಎಳ್ಳಮಾಸಿ, ಎಳ್ಳು ಅಮಾವಾಸ್ಯೆಯ ಹಬ್ಬ, ಬಂತು. ಹೊಲದಲ್ಲಿ ಪಾಂಡವರ ಪೂಜೆ, ಭಜ್ಜಿ, ಅಂಬಲಿ, ಸಜ್ಜೆ ರೊಟ್ಟಿ, ಹೂರಣದ ಹೋಳಿಗೆ. ಹಬ್ಬದ ದಿನ ಮನೆಯ ನಾಯಿಗೂ ಹೋಳಿಗೆ ಬೀಳುವಾಗ, ಫೈನಲಿಗೆ ಹೊರಟ ಪ್ಯಾಡಿಗೆ ಒಣರೊಟ್ಟಿ ಇಡುವುದೆಂದರೆ ಆಕೆಗೆ ಮನಸ್ಸು ಬರಲಿಲ್ಲ. ತುಪ್ಪ ಸವರಿದ, ಏಲಕ್ಕಿ ಘಮಘಮಿಸುವ ಹೋಳಿಗೆಯನ್ನೇ ಮಡಿಸಿ ಎಡಗಾಲಿನ ಪ್ಯಾಡಿನ ಹೊಟ್ಟೆಗಿಟ್ಟು ಹೊಲಿದಳು. ಬಲಗಾಲಿಗೆ ರೊಟ್ಟಿ ಸಾಕು ಎನಿಸಿತು. ನೀಲಕಂಠ ಮುಂದಿಡುವುದು ಎಡಗಾಲು.

ಹುಡುಗರು ತೊಗರಿ ಹೇರಿದ ಟ್ರಕ್ಕಿನಲ್ಲಿ ಕೂತು ಉದ್ಗೀರಕ್ಕೆ ಹೋದರು. ಅಲ್ಲಿ ದವಸದ ದಲಾಲರ ಒಂದು ಅಡತಿ ಅಂಗಡಿಯ ಗೋದಾಮಿನಲ್ಲಿ, ಕಾಳಿನ ಚೀಲಗಳ ನಡುವೆ ಮಲಗಿದರು. ಮರುದಿನ ಫೈನಲ್. ಕೊನೆಯ ನಿಮಿಷದವರೆಗೂ ಎರಡೂ ಕಡೆ ಸೊನ್ನೆ. ಆಗ ನೀಲಕಂಠನ ಎಡಗಾಲಿನ ಪ್ಯಾಡು ಬಿಚ್ಚಿ, ಹತ್ತಿ ಕಾರಿಕೊಂಡು ಪಾದಕ್ಕೆ ಜಾರಿತು. ಅವನಿಗೆ ಕಾಲು ಕೂಡಿಸಲಾಗಲಿಲ್ಲ. ಚೆಂಡು ಸಂತೆಗೆ ಹೊರಟ ಮುದುಕಿಯ ಹಾಗೆ ನಿಧಾನಕ್ಕೆ ಉರುಳಿ, ಅವನ ಎರಡು ಕಾಲ ನಡುವೆ ದಾಟಿ ಗೋಲಿನೊಳಗೆ ಹೋಯಿತು.

ರೈಲು ನುಗ್ಗುವ ಸುರಂಗಕ್ಕೆ ಮರಾಠಿಯಲ್ಲಿ ಬೋಗದಾ ಎನ್ನುತ್ತಾರೆ. ಟ್ರಕ್ಕು ಉಮರ್ಗಾ ಮುಟ್ಟುವ ಮೊದಲೇ ನೀಲಕಂಠನಿಗೆ ಆ ಹೆಸರು ಅಂಟಿತ್ತು. ಆಮೇಲೆ ಅವನು ಹಿಟ್ಟಿನ ಗಿರಣಿ ಇಟ್ಟಾಗ ಅದು ಬೋಗದಾನ ಗಿರಣಿಯಾಯಿತು. ಅವನ ಮದುವೆಯಲ್ಲಿ, ಅಕ್ಷತೆ ಹಾಕುವ ಹೊತ್ತಿನಲ್ಲೂ ಯಾರೋ ಕೂಗಿ ನಗಿಸಿದರು. ಅವನು ಒಂದು ದಿನವೂ ತಿರುಗಿ ಮಾತಾಡಲಿಲ್ಲ.

ಹರಿದ ಪ್ಯಾಡು ದುರಸ್ತಿಗೆಂದು ಪ್ರಯಾಗಬಾಯಿಯ ಕೈಗೆ ಬಂದಾಗ ಆಕೆ ನೋಡಿದ್ದು ಬೇರೆ. ಹೊಲಿಗೆ ತಾನಾಗಿ ಬಿಚ್ಚಿರಲಿಲ್ಲ. ದಾರ ಕಡಿದಿತ್ತು, ಖಾಕಿಯ ಅಂಚಿನಲ್ಲಿ ಹಲ್ಲಿನ ಗುರುತಿತ್ತು. ಹೋಳಿಗೆ ಇಲ್ಲ. ಹೂರಣದ ಎರಡು ಕಾಳು ಹತ್ತಿಗೆ ಅಂಟಿದ್ದವು, ಅಷ್ಟೇ. ಗೋದಾಮಿನ ಇಲಿ! ತುಪ್ಪದ ವಾಸನೆಗೆ ಬಂದು ಕಡಿದಿದೆ. ಒಣರೊಟ್ಟಿಯಾಗಿದ್ದರೆ ಮೂಸಿಯೂ ನೋಡುತ್ತಿರಲಿಲ್ಲ. ಕಪ್ಪು ಕಳೆದದ್ದು ನೀಲಕಂಠನ ಕಾಲಲ್ಲ, ತನ್ನ ಕೈ. ಇದನ್ನು ಹೇಳಿದರೆ ಊರು ಮೊದಲು ನಗುತ್ತದೆ, ಆಮೇಲೆ ಬೈಯುತ್ತದೆ. ಮೂವತ್ತು ವರ್ಷದ ಹೆಂಗಸು, ಹೆದರಿದಳು. ಪ್ಯಾಡನ್ನು ಟ್ರಂಕಿನ ತಳಕ್ಕೆ ತುರುಕಿದಳು. ಆಮೇಲೆ ಪ್ಯಾಡು ಹೊಲಿಯಲಿಲ್ಲ. ಲಿಂಗಪೂಜೆಗೆ ಕೂತಾಗ, ಉಮರ್ಗಾ ಮುಂದಿನ ಸಲ ಕಪ್ಪು ಗೆದ್ದ ದಿನ ಎಲ್ಲರೆದುರು ನಿಜ ಹೇಳುತ್ತೇನೆ ಎಂದು ಬೇಡಿಕೊಂಡಳು. ಮುಂದಿನ ವರ್ಷವೇ ಗೆಲ್ಲುತ್ತಾರೆ ಎಂದುಕೊಂಡಿದ್ದಳು.

ಗೆಲ್ಲಲಿಲ್ಲ. ವರ್ಷ ವರ್ಷ ಮೊದಲ ಸುತ್ತಿನಲ್ಲೇ ಸೋತು ಬರುತ್ತಿದ್ದರು. ಆಕೆಗೆ ಪ್ರತಿ ಸೋಲಿಗೂ ಅಳು ಬರುತ್ತಿತ್ತು, ಅಳುವಿನ ಅಡಿಯಲ್ಲಿ ಒಂದು ಚೂರು ಸಮಾಧಾನವೂ ಇರುತ್ತಿತ್ತು. ಆ ಸಮಾಧಾನಕ್ಕಾಗಿಯೇ ತನ್ನನ್ನು ತಾನು ಹೆಚ್ಚು ಬೈದುಕೊಳ್ಳುತ್ತಿದ್ದಳು. ಇಲಿಗಳ ಮೇಲಂತೂ ಹಗೆ ಸಾಧಿಸಿದಳು. ಮನೆಯಲ್ಲಿ ಬೆಕ್ಕಿಲ್ಲದ ದಿನವಿಲ್ಲ; ಮರಿ ಹಾಕಿದಾಗೆಲ್ಲ ಒಂದನ್ನು ಒಯ್ದು ನೀಲಕಂಠನ ಗಿರಣಿಯಲ್ಲಿ ಬಿಟ್ಟು ಬರುವಳು. ವೈನಿಗೆ ತನ್ನ ಗಿರಣಿಯ ಮೇಲೆ ಇಷ್ಟು ಕಾಳಜಿ ಯಾಕೆಂದು ಅವನು ಕೇಳಲಿಲ್ಲ. ತಲೆ ಬಗ್ಗಿಸಿ ಇಸಿದುಕೊಳ್ಳುತ್ತಿದ್ದ.

ಈ ವರ್ಷ ಏನಾಯಿತೋ, ಹುಡುಗರು ಮೈಮೇಲೆ ದೇವರು ಬಂದವರ ಹಾಗೆ ಆಡಿದರು. ಕ್ವಾರ್ಟರ್ ಫೈನಲಿನಲ್ಲಿ ಸೋತದ್ದು ಬಸವಕಲ್ಯಾಣ, ಆಕೆಯ ತವರಿನ ಕಡೆಯ ತಂಡ. "ನಿಮ್ಮೂರವರ ಮ್ಯಾಲ ಸ್ವಲ್ಪರೆ ಕರುಣಾ ಬೇಡೇನ?" ಎಂದ ಕಲ್ಯಾಣಪ್ಪನಿಗೆ, "ಅವರಿಗಿ ಊಟಕ್ಕ ಕರೀತೀನಿ, ಗೋಲ ಕೊಡಂಗಿಲ್ಲ," ಎಂದಳು. ನಿಲಂಗಾದಲ್ಲಿ ನಡೆದ ಸೆಮಿಫೈನಲಿಗೆ ಗಂಡನನ್ನೂ ಎಳೆದುಕೊಂಡು ಬಸ್ಸು ಹತ್ತಿದಳು. "ಗೋಲ ಆದ್ರ ಎಬ್ಬಸು" ಎಂದು ಹೇಳಿ ಅವನು ಕೂತಲ್ಲೇ ತೂಕಡಿಸಿದ. ಮೂರು ಸಲ ಎಬ್ಬಿಸಿದಳು. ನಾಲ್ಕನೆಯ ಸಲ ತಾನೇ ಎದ್ದು ನಿಂತಿದ್ದ, ಸುತ್ತಲಿನ ಗದ್ದಲಕ್ಕೆ. ಉಮರ್ಗಾ ಫೈನಲಿಗೆ ಬಂದಿತ್ತು.

ಮರುದಿನ ಜೋಳ ಬೀಸಿಸುವ ನೆಪದಲ್ಲಿ ಗಿರಣಿಗೆ ಹೋದಳು. ಕಪ್ಪು ಬರುವ ಮೊದಲೇ ಹೇಳಿಬಿಟ್ಟರೆ ನಾಲ್ಕು ಜನರ ಮುಂದೆ ಹೇಳುವ ಕಷ್ಟ ತಪ್ಪೀತು ಎಂಬ ಲೆಕ್ಕ. ನೀಲಕಂಠನಿಗೆ ಈಗ ಐವತ್ತೇಳು. ಹುಬ್ಬಿನ ಮೇಲೂ ಹಿಟ್ಟು.

"ನೀಲಕಂಠ, ನಿನಗ ಒಂದು ಮಾತು ಹೇಳಬೇಕಾಗ್ಯಾದ," ಎಂದಳು.

ಗಿರಣಿ ಗರಗರ ಸದ್ದು ಮಾಡುತ್ತಿತ್ತು. "ಏನ್ರೀ ವೈನಿ?" ಎಂದು ಅವನು ಕಿವಿ ಮುಂದೆ ಮಾಡಿದ.

"ಅವತ್ತ ಆ ಪ್ಯಾಡ್ ಅದಲ್ಲ..."

"ಏನ್ರೀ? ಕೇಳಸವಲ್ದು!"

"ಹಿಟ್ಟು ಸಣ್ಣಗ ಬೀಸು ಅಂದೆ!" ಎಂದು ಕೂಗಿ ತಲೆ ತಗ್ಗಿಸಿದಳು. ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡವರ ಗತಿ. ನುಂಗಲೂ ಆಗದು, ಉಗುಳಲೂ ಆಗದು.

ಹೊರಡುವಾಗ ಅವನೇ ಹೇಳಿದ. "ನಾನೂ ಫೈನಲಿಗಿ ಬರ್ಲತ್ತೀನ್ರಿ. ಬಸವಕುಮಾರ ಬಾ ಅಂದಾನ." ಬಸವಕುಮಾರ ಈಗಿನ ಗೋಲ್‌ಕೀಪರ್. ದಿನಾ ನಸುಕಿನಲ್ಲಿ ಅವನಿಗೆ ಕಾಲು ಕೂಡಿಸುವುದನ್ನು ಕಲಿಸುತ್ತಿದ್ದವನು ನೀಲಕಂಠ. ಈ ಸಲವೂ ಫೈನಲ್ ಉದ್ಗೀರದಲ್ಲೇ; ಮೂವತ್ತಾರು ವರ್ಷ ಅವನು ಆ ಮೈದಾನದ ಕಡೆ ಮುಖ ಹಾಕಿರಲಿಲ್ಲ.

ಫೈನಲಿನ ಬೆಳಿಗ್ಗೆ ಪ್ರಯಾಗಬಾಯಿ ಬೇಗ ಎದ್ದು ಹತ್ತು ಹೋಳಿಗೆ ಮಾಡಿ ಡಬ್ಬಿಗೆ ತುಂಬಿದಳು. ಗೆದ್ದು, ನಿಜ ಹೇಳಿ, ತಪ್ಪಾಯಿತು ಎಂದು ಅವನ ಕೈಗೆ ಇಡಬೇಕೆಂದು. ಎರಡು ಕ್ರೂಸರ್ ಗಾಡಿಯಲ್ಲಿ ತಂಡವೂ ಊರಿನವರೂ ಹೊರಟರು. ದಾರಿಯುದ್ದ ಬಿಳಿಜೋಳ ತೆನೆಗಟ್ಟಿ ನಿಂತಿತ್ತು. ಹುಡುಗರು ಮೊಬೈಲಿನಲ್ಲಿ ಹಾಡು ಹಚ್ಚಿದ್ದರು. ಆಕೆಗೆ ಮಾತ್ರ ತೊಗರಿ ಚೀಲದ ಮೇಲೆ ಕೂತು ಹಲಗೆ ಬಾರಿಸುತ್ತ ಹೋದ ಅಂದಿನ ಹುಡುಗರೇ ಕಣ್ಣಿಗೆ ಬಂದರು. ಅವರಲ್ಲಿ ಅರ್ಧ ಜನ ಈಗ ಇಲ್ಲ. ಮಾಳಿಗೆಯ ಮೇಲಿಂದ ಕೂಗುತ್ತಿದ್ದ ಅತ್ತೆಯೂ ಇಲ್ಲ. ಒಮ್ಮೆ ಅವರೆಲ್ಲ ಬಂದು ಈ ಪಂದ್ಯ ನೋಡಬಾರದಿತ್ತೇ ಎಂದುಕೊಂಡಳು.

ಉದ್ಗೀರದ ಮೈದಾನ ತುಂಬಿ ತುಳುಕುತ್ತಿತ್ತು. ಎದುರಿಗೆ ಉದ್ಗೀರದ್ದೇ ತಂಡ. ಮೈಕಿನವನು ಮರಾಠಿಯಲ್ಲಿ ಶುರುಮಾಡಿ, ದಖ್ಖನಿಯಲ್ಲಿ ಬೈದು, ಕನ್ನಡದಲ್ಲಿ ಮುಗಿಸುತ್ತಿದ್ದ. ಪ್ರಯಾಗಬಾಯಿ ಗಂಟಲು ಹರಿಯುವಂತೆ ಕೂಗಿದಳು. ಹರಕೆಯ ಹೆದರಿಕೆ ಎಲ್ಲಿ ಹೋಯಿತೋ! ಗೆಲ್ಲಲಿ, ಗೆದ್ದೇ ಬಿಡಲಿ, ಹೇಳುವುದನ್ನೆಲ್ಲ ಮೈಕಿನಲ್ಲೇ ಹೇಳುತ್ತೇನೆ ಎಂದುಕೊಂಡಳು. ಎರಡು ಎರಡು ಗೋಲಿಗೆ ಆಟ ಮುಗಿಯಿತು. ಆಮೇಲೆ ಶೂಟೌಟ್. ಇಬ್ಬರೇ ಎದುರುಬದುರು, ಎಂಟು ಸೆಕೆಂಡು. ಐದನೆಯ ಸರದಿಗೆ ಉದ್ಗೀರದ ಆಟಗಾರ ಎಡಕ್ಕೆ ಹೋಗುವಂತೆ ಮಾಡಿ ಬಲಕ್ಕೆ ತಿರುಗಿದ. ಬಸವಕುಮಾರ ಕಾಲು ಅಗಲಿಸಿದ. ಚೆಂಡು ನಡುವೆ ನುಸುಳಿತು.

ಉಮರ್ಗಾ ಸೋತಿತು. ಗದ್ದಲದ ನಡುವೆ, ತಮ್ಮೂರಿನವರ ಗುಂಪಿನಿಂದಲೇ ಯಾರೋ ಕೂಗಿದರು: "ಇನ್ನೊಂದು ಬೋಗದಾ!"

ಪ್ರಯಾಗಬಾಯಿ ತಿರುಗಿ ನೀಲಕಂಠನನ್ನು ನೋಡಿದಳು. ತನಗೆ ಅಂಟಿದ ಹೆಸರಿಗೆ ಎಂದೂ ಕಣ್ಣು ತೇವ ಮಾಡದವನು, ಅದೇ ಹೆಸರು ಆ ಹುಡುಗನಿಗೆ ಅಂಟಿದ್ದಕ್ಕೆ ಅಳುತ್ತಿದ್ದ.

ಹೊತ್ತು ಮುಳುಗುವಾಗ ಗಾಡಿಗಳು ದಾರಿಯಲ್ಲಿ ಸಿಗುವ ವಲಾಂಡಿಯ ಚಹಾದಂಗಡಿಯ ಮುಂದೆ ನಿಂತವು. ಬಸವಕುಮಾರ ದೂರದ ಕಲ್ಲಿನ ಮೇಲೆ ತಲೆ ಬಗ್ಗಿಸಿ ಕೂತಿದ್ದ. ನೀಲಕಂಠ ಅವನ ಪಕ್ಕದಲ್ಲಿದ್ದ. ಕಪ್ಪು ಬಂದಿಲ್ಲ, ಹರಕೆ ತೀರಿಸುವ ಹಂಗಿಲ್ಲ. ಪ್ರಯಾಗಬಾಯಿ ಆರಾಮಾಗಿ ಚಹಾ ಕುಡಿದು ಊರಿಗೆ ಹೋಗಬಹುದಿತ್ತು. ಕುಡಿಯಲಿಲ್ಲ. ಚಹಾದ ಬಸಿಯನ್ನು ಬೆಂಚಿನ ಮೇಲಿಟ್ಟು ಎದ್ದು ನಿಂತಳು.

"ಎಲ್ಲಾರೂ ಕೇಳ್ರಿ. ಎಂಬತ್ತೊಂಬತ್ತರಾಗ ಸೋಲಿಸಿದಾಕಿ ನಾನು. ನೀಲಕಂಠ ಅಲ್ಲ."

ಕಲ್ಯಾಣಪ್ಪನ ನಿದ್ದೆ ಹಾರಿತು. ಆಕೆ ತಡೆಯದೆ ಹೇಳಿದಳು: ಎಳ್ಳಮಾಸಿ, ಹೋಳಿಗೆ, ಗೋದಾಮು, ಇಲಿ, ಹಲ್ಲಿನ ಗುರುತು, ಟ್ರಂಕು. "ನನ್ನ ತಪ್ಪಿಗಿ ಈ ಮನಷಾ ಮೂವತ್ತಾರು ವರ್ಷ ಆ ಹೆಸರು ಹೊತ್ತಾನ. ಈಗ ಈ ಹುಡುಗಗ ಹೊರಸಬ್ಯಾಡ್ರಿ. ಬೈಯೂದಿದ್ರ ನನಗ ಬೈರಿ."

ನೀಲಕಂಠ ಎದ್ದು ಬಂದ. ಮುಖ ಬಿಳಿಚಿತ್ತು, ಇವತ್ತು ಅದು ಹಿಟ್ಟಲ್ಲ.

"ಇಲಿ ಅಲ್ರೀ ವೈನಿ," ಎಂದ. "ನಾ ತಿಂದೆ."

ಯಾರಿಗೂ ಅರ್ಥವಾಗಲಿಲ್ಲ.

"ಹೋಳಗಿ. ನಾನಾ ತಿಂದೆ. ಫೈನಲಿನ ದಿನ ಮುಂಜಾನೆ, ಪ್ಯಾಡ್ ಹಣಿಗಿ ಹಚ್ಚಿದೆ, ವಾಸನಿ ಬಂತು. ಅವ್ವ ತೀರಿ ಎರಡು ತಿಂಗಳಾಗಿತ್ತು. ನಮ್ಮ ಮನ್ಯಾಗ ಆ ವರ್ಷ ಹಬ್ಬ ಇರ್ಲಿಲ್ಲ. ತಡೀಲಿಕ್ಕ ಆಗ್ಲಿಲ್ಲರೀ. ಹಲ್ಲಿಲೆ ದಾರ ಹರದು ತಿಂದೆ. ಹೊಲೀಲಿಕ್ಕ ಸೂಜಿ ಇರ್ಲಿಲ್ಲ, ಮ್ಯಾಲ ಸುತಳಿ ಸುತ್ತಿ ಆಡಲಿಕ್ಕ ಹೋದೆ."

"ಮತ್ತ ಇಷ್ಟು ದಿನ ಯಾಕ ಹೇಳಲಿಲ್ಲ?"

"ಬೋಗದಾ ಅನ್ನಿಸ್ಕೊಂಡು ಬದುಕಬಹುದಿತ್ತು. ನೀವು ಕೌದಿಗಿ ಇಟ್ಟ ತುತ್ತು ಕದ್ದಾಂವ ಅಂತ ಹೆಂಗ ಹೇಳ್ಲಿ? ಅದಾದ ಮ್ಯಾಲ ನೀವು ಪ್ಯಾಡ್ ಹೊಲಿಯೂದೇ ಬಿಟ್ರಿ. ನಿಮಗ ಗೊತ್ತಾಗ್ಯಾದ ಅಂತ ತಿಳಕೊಂಡೆ. ಬೆಕ್ಕು ತಂದು ಬಿಟ್ಟಾಗೆಲ್ಲ, ನನಗೇ ಮಾತು ಚುಚ್ಚಲತ್ತಾರ ಅಂತ..."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವರು ಇಬ್ಬರಾದರು. ಕಲ್ಯಾಣಪ್ಪ ನಿಟ್ಟುಸಿರು ಬಿಟ್ಟು, "ಅಲ್ಲೋ ಮಾರಾಯಾ, ಒಂದು ಹೋಳಗಿ ಸಲುವಾಗಿ ಈಕಿ ಮೂವತ್ತಾರು ವರ್ಷ ನನ್ನ ಹಾಲು ಬೆಕ್ಕಿಗಿ ಹಾಕ್ಯಾಳಲ್ಲೋ!" ಎಂದ. ಮೊದಲು ನಕ್ಕವನು ಕಲ್ಲಿನ ಮೇಲೆ ಕೂತಿದ್ದ ಬಸವಕುಮಾರ. ಆಮೇಲೆ ಎಲ್ಲರೂ ನಕ್ಕರು, ಕಪ್ಪು ಗೆದ್ದು ಬಂದವರಂತೆ ಹೊಟ್ಟೆ ಹಿಡಿದುಕೊಂಡು ನಕ್ಕರು.

ಪ್ರಯಾಗಬಾಯಿ ನಗಲಿಲ್ಲ. ಆ ಎಳ್ಳಮಾಸಿಯ ದಿನ ಪ್ಯಾಡು ಒಯ್ಯಲು ತನ್ನ ಬಾಗಿಲಿಗೆ ಬಂದು ನಿಂತಿದ್ದ ಕಡ್ಡಿಯಂಥ ಹುಡುಗ ಆಕೆಗೆ ಕಾಣುತ್ತಿದ್ದ. ಮನೆ ತುಂಬ ಹೋಳಿಗೆಯ ಘಮ. ಪ್ಯಾಡು ಕೈಗೆ ಕೊಟ್ಟು ಕಳಿಸಿದ್ದಳು. ಊಟ ಮಾಡಿದೆಯಾ ಎಂದು ಕೇಳಿರಲಿಲ್ಲ.

"ಕೌದಿ ಹಸಿದಿರಬಾರದು ಅಂತ ಅಷ್ಟ ಕಲಿಸಿದಳು ನಮ್ಮವ್ವ," ಎಂದಳು ಮೆಲ್ಲಗೆ. "ಅದನ್ನ ಕಟಗೊಂಡಾಂವ ಹಸ್ದಾನೇನು ಅಂತ ನಾನರೆ ನೋಡಬೇಕಿತ್ತು. ನಂದು ತಪ್ಪು ಅದಾ ನೋಡು, ಇಲಿದಲ್ಲ, ನಿಂದೂ ಅಲ್ಲ."

ಗಾಡಿಯಿಂದ ಡಬ್ಬಿ ತಂದು ಮುಚ್ಚಳ ತೆರೆದಳು. ಮೊದಲನೆಯದನ್ನು ಬಸವಕುಮಾರನ ಕೈಗಿಟ್ಟಳು. ಎರಡನೆಯದನ್ನು ನೀಲಕಂಠನಿಗೆ ಕೊಟ್ಟಳು. ಐವತ್ತೇಳು ವರ್ಷದ ಗಂಡಸು ಎಲ್ಲರೆದುರು ಕಣ್ಣೊರೆಸಿಕೊಳ್ಳುತ್ತ, ಅದನ್ನು ಎರಡೂ ಕೈಯಲ್ಲಿ ಹಿಡಿದು ಹಣೆಗೊತ್ತಿಕೊಂಡು, ನಿಂತಲ್ಲೇ ಬಾಯಿಗೆ ಹಾಕಿಕೊಳ್ಳಲು ಹೋದ.

"ಕೂತು ತಿನ್ನೋ," ಎಂದು ಪ್ರಯಾಗಬಾಯಿ ಗದರಿಸಿದಳು. "ಇದು ನಿಂದಾ ಅದ. ಯಾರೂ ಕಸಗೊಳ್ಳಂಗಿಲ್ಲ."